ಹಂಪಿ ಶೂಟಿಂಗ್: ಹೊರಡುವ ಮೊದಲು ಓದಿ

ಗೆಳೆಯರೇ, ಹಂಪಿಯಲ್ಲಿ ನಮ್ಮ ಕಿರುಚಿತ್ರ ತೆಗೆಯುವ ಮೊದಲು ಅನುಮತಿಯ ಕೆಲಸ ಮುಗಿಯಲೇಬೇಕು. ವಿಜಯ ವಿಠ್ಠಲ ದೇವಸ್ಥಾನ, ಕಮಲ ಮಹಲ್, ಆನೆಲಾಯ ಎಲ್ಲವೂ ಕೇಂದ್ರ ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿವೆ. ಅಲ್ಲಿ ಸಿನಿಮಾ ತೆಗೆಯಲು ಅವರ ಲೈಸೆನ್ಸ್ ಬೇಕು. ಪೊಲೀಸರಿಗೋ ಪಂಚಾಯಿತಿಗೋ ಒಂದು ಪತ್ರ ಕೊಟ್ಟರೆ ಸಾಲದು.

1959ರ ಸ್ಮಾರಕ ನಿಯಮಗಳನ್ನು ದಯವಿಟ್ಟು ಎಲ್ಲರೂ ಓದಿ. ಜನರೇಟರ್ ಸ್ಮಾರಕದಿಂದ ದೂರ ಇರಬೇಕು. ಕಲ್ಲಿನ ಮೇಲೆ ನೀರು, ಎಣ್ಣೆ ಏನೂ ಹಚ್ಚುವಂತಿಲ್ಲ. ಶಾಟ್‌ನಲ್ಲಿ ಕಲ್ಲು ಹೊಳೆಯಲಿ ಅಂತ ನೀರು ಚಿಮುಕಿಸುವ ಅಭ್ಯಾಸ ನಮ್ಮಲ್ಲಿ ಜಾಸ್ತಿ, ಅದನ್ನು ಇಲ್ಲಿ ಪೂರ್ತಿ ಬಿಡಬೇಕು. ಐದಾರು ನೂರು ವರ್ಷದ ಕೆತ್ತನೆ ಅದು. ಒಮ್ಮೆ ಕೆಟ್ಟರೆ ಮತ್ತೆ ಬರಲ್ಲ. ಕಂಬಕ್ಕೆ ಲೈಟ್ ಕಟ್ಟುವುದು, ಮಂಟಪದ ಮೇಲೆ ಹತ್ತುವುದು ಕೂಡ ಬೇಡ.

ವಿರೂಪಾಕ್ಷ ಗುಡಿಯಲ್ಲಿ ದಿನವೂ ಪೂಜೆ ನಡೆಯುತ್ತದೆ. ಅಲ್ಲಿನ ಆಡಳಿತವನ್ನೂ ಕೇಳಬೇಕು, ಭಕ್ತರಿಗೆ ತೊಂದರೆ ಕೊಡಬಾರದು.

ಡ್ರೋನ್ ಇರುವವರು, ಎಲ್ಲಿ ಡ್ರೋನ್ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಯಾವ ವಲಯದಲ್ಲಿದೆ ನೋಡಿ. ಹಸಿರು ವಲಯ, ಅಂದರೆ ಹಾರಾಟಕ್ಕೆ ಮೊದಲೇ ಅನುಮತಿ ಬೇಡದ ಜಾಗ, ಅಂತ ಕಂಡರೂ ಸ್ಮಾರಕದ ಅನುಮತಿ ಬೇರೆಯೇ ಬೇಕು.

ಅರ್ಜಿಗೆ ಚಿತ್ರಕಥೆ, ತಂಡದವರ ಪಟ್ಟಿ, ಸಲಕರಣೆಗಳ ವಿವರ ಸಿದ್ಧ ಮಾಡೋಣ. ನಿಮ್ಮ ಪಾಲಿನ ವಿವರವನ್ನು ಈ ವಾರವೇ ಇಲ್ಲಿ ಹಾಕಿ.