‘ಅಧ್ಯಯನ ತಿಳಿಸಿದೆ’ ಅಂದರೆ ಯಾರದು, ಎಲ್ಲಿ, ಎಷ್ಟು ಮಂದಿಯ ಮೇಲೆ?

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಆರೋಗ್ಯ ಪುಟದ ಮೂಲೆಯಲ್ಲಿ ಒಂಬತ್ತು ಸಾಲಿನ ಒಂದು ಸುದ್ದಿ ಇತ್ತು. ಒಂದು ಸೊಪ್ಪಿನ ರಸ ದಿನಾ ಕುಡಿದರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ ಎಂದು ‘ಅಧ್ಯಯನವೊಂದು ತಿಳಿಸಿದೆ’. ಯಾರ ಅಧ್ಯಯನ, ಯಾವ ಊರಲ್ಲಿ ನಡೆದದ್ದು, ಮನುಷ್ಯರ ಮೇಲೋ ಇಲಿಗಳ ಮೇಲೋ, ಒಂದು ಮಾತೂ ಇರಲಿಲ್ಲ. ಸೊಪ್ಪಿನ ಫೋಟೊ ಮಾತ್ರ ಚೆನ್ನಾಗಿತ್ತು.

ನಮ್ಮ ಪಕ್ಕದ ಮನೆಯ ಅಜ್ಜಿ ಆ ಸುದ್ದಿಯನ್ನು ಕತ್ತರಿಸಿ ದೇವರ ಫೋಟೊದ ಹಿಂದೆ ಸಿಕ್ಕಿಸಿಟ್ಟಿದ್ದರು. ಮೂರು ದಿನ ಮಾತ್ರೆ ಬಿಟ್ಟು ಬರೀ ರಸ ಕುಡಿದಿದ್ದಾರೆ. ನಾಲ್ಕನೇ ದಿನ ಹೆಪ್ಪಿಗೆ ಮೊಸರು ಕೇಳಲು ಬಂದವರು ಮಾತಿಗೆ ಮಾತು ಬಂದು ಬಾಯಿಬಿಟ್ಟರು. ‘ಪೇಪರಿನಾಗ ಬಂದದ ನರ್ಸಬಾಯಿ, ಸುಳ್ಳು ಇರ್ತದೇನು?’ ಅಂದರು. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಅದಕ್ಕೇ ಈ ಪತ್ರ.

ನಾನು ಕಲಘಟಗಿ ಕಡೆಯ ಹಳ್ಳಿಗಳಲ್ಲಿ 33 ವರ್ಷ ಕಿರಿಯ ಆರೋಗ್ಯ ಸಹಾಯಕಿಯಾಗಿದ್ದವಳು. ಊರವರ ಬಾಯಲ್ಲಿ ನರ್ಸಬಾಯಿ. ಸಂಶೋಧನೆ ಮಾಡಿದವಳಲ್ಲ. ಬೇರೆಯವರು ಸಂಶೋಧಿಸಿ ಸರಿ ಎಂದು ತೋರಿಸಿದ್ದನ್ನು ಚೀಲದಲ್ಲಿ ಹಾಕಿಕೊಂಡು ಮನೆ ಮನೆ ತಿರುಗಿದವಳು, ಅಷ್ಟೇ. ಆದ್ದರಿಂದ ಸಂಶೋಧನೆಯ ಮೇಲೆ ನನಗೆ ಸಿಟ್ಟಿಲ್ಲ, ಗೌರವವೇ ಇದೆ. ನನ್ನ ತಕರಾರು ಅದನ್ನು ನೀವು ಒಂಬತ್ತು ಸಾಲಿಗೆ ಹಿಂಡಿ ಹಾಕುವ ರೀತಿಯ ಮೇಲೆ.

ಕೊರೊನಾ ಕಾಲದ ಒಂದು ಮಾತು. ಬ್ರಿಟನ್‌ನಲ್ಲಿ ರಿಕವರಿ ಎಂಬ ದೊಡ್ಡ ಪ್ರಯೋಗ ನಡೆಯಿತು. ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಸ್ಟೀರಾಯ್ಡ್ ಜೀವ ಉಳಿಸುತ್ತದೆ ಎಂದು 2020ರ ಜೂನ್‌ನಲ್ಲಿ ಗೊತ್ತಾಯಿತು. ಆದರೆ ಯಾರ ಜೀವ? ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಸುಮಾರು ಮೂರನೇ ಒಂದು ಭಾಗದಷ್ಟು ಇಳಿಯಿತು. ಆಕ್ಸಿಜನ್ ಪಡೆಯುತ್ತಿದ್ದವರಿಗೂ ಸ್ವಲ್ಪ ಲಾಭವಾಯಿತು. ಆಕ್ಸಿಜನ್ ಬೇಕಿಲ್ಲದವರಿಗೆ ಏನೂ ಪ್ರಯೋಜನ ಕಾಣಲಿಲ್ಲ. ಸುದ್ದಿ ನಮ್ಮ ಓಣಿಗೆ ಬರುವಷ್ಟರಲ್ಲಿ ಈ ಕೊನೆಯ ಸಾಲು ಎಲ್ಲೋ ಉದುರಿಹೋಗಿತ್ತು. ‘ಅಗ್ಗದ ಸ್ಟೀರಾಯ್ಡ್‌ನಿಂದ ಕೊರೊನಾ ಸಾವು ಇಳಿಕೆ’ ಎಂಬ ಶೀರ್ಷಿಕೆ ಮಾತ್ರ ಉಳಿದಿತ್ತು. ಯಾವ ಪತ್ರಿಕೆ ಎಂದು ಹೇಳುವುದಿಲ್ಲ, ಬಿಡಿ.

2021ರ ಮೇ ತಿಂಗಳಲ್ಲಿ ನನ್ನ ಸೋದರಳಿಯ ಜ್ವರದ ಎರಡನೇ ದಿನವೇ ಅಂಗಡಿಯಿಂದ ಆ ಮಾತ್ರೆ ತಂದು ನುಂಗಲು ಶುರುಮಾಡಿದ. ಉಸಿರಾಟ ಸರಿಯಿತ್ತು, ಆಕ್ಸಿಜನ್ 97 ಇತ್ತು. ಮೊದಲೇ ಸಕ್ಕರೆ ಕಾಯಿಲೆಯವನು. ಸ್ಟೀರಾಯ್ಡ್ ರಕ್ತದ ಸಕ್ಕರೆ ಏರಿಸುತ್ತದೆ; ಐದನೇ ದಿನಕ್ಕೆ 480 ಮುಟ್ಟಿತ್ತು. ಬದುಕಿದ, ದೇವರ ದಯ. ಶೀರ್ಷಿಕೆಯಲ್ಲಿ ಸುಳ್ಳೇನೂ ಇರಲಿಲ್ಲ. ‘ಆಕ್ಸಿಜನ್ ಬೇಕಾದವರಲ್ಲಿ’ ಎಂಬ ಎರಡು ಪದ ಕಡಿಮೆ ಬಿದ್ದಿತ್ತು.

ಈಗ ನನಗೆ ನಿಜವಾಗಿ ಹೇಳಬೇಕಾದದ್ದಕ್ಕೆ ಬರುತ್ತೇನೆ.

1994ರ ಮಳೆಗಾಲ. ರಾತ್ರಿ ಹನ್ನೊಂದರ ಹೊತ್ತಿಗೆ ಒಂದು ಮನೆಯಿಂದ ಕರೆಯಲು ಬಂದರು. ಮೂರನೇ ಹೆರಿಗೆ. ಕಂದೀಲಿನ ಬೆಳಕು. ಹೆಣ್ಣುಮಗಳನ್ನು ಹಳೆಯ ಕೌದಿಯ ಮೇಲೆ ಮಲಗಿಸಿದ್ದರು. ಮಗು ಬಂತು, ಚೆನ್ನಾಗಿ ಅತ್ತಿತು. ಮಾಸು ಕೂಡ ಪೂರ್ತಿ ಬಿತ್ತು. ರಕ್ತ ಹೋಗುತ್ತಿತ್ತು, ಆದರೆ ಹಾಗೆ ಹರಿಯುತ್ತಿರಲಿಲ್ಲ. ಸೂಲಗಿತ್ತಿ ‘ಇಷ್ಟು ಹೋಗೂದ ರೀ’ ಅಂದಳು. ನನಗೂ ಹಾಗೇ ಅನ್ನಿಸಿತು. ರಿಜಿಸ್ಟರ್ ತೆಗೆದು ‘ರಕ್ತಸ್ರಾವ: ಸಾಧಾರಣ’ ಎಂದು ಬರೆದೆ. ಮಗುವನ್ನು ಒರೆಸಿ ತಿರುಗುವಷ್ಟರಲ್ಲಿ ಅವಳು ನೀರು ಕೇಳಿದಳು. ದನಿ ಬೇರೆಯಾಗಿತ್ತು. ನಾಡಿ ದಾರದಂತೆ ಓಡುತ್ತಿತ್ತು. ಕೌದಿಯನ್ನು ಎತ್ತಿ ನೋಡಿದೆ. ಹಳ್ಳದಲ್ಲಿ ಒಗೆದು ಎತ್ತಿದ ಕೌದಿಯಷ್ಟು ಭಾರವಿತ್ತು. ಕೆಳಗಿನ ನೆಲ ಕುಡಿದದ್ದು ಬೇರೆ. ಚಕ್ಕಡಿ ಕಟ್ಟಿದರು. ಡಾಂಬರು ರಸ್ತೆ ಮುಟ್ಟುವ ಮೊದಲೇ ನಾಡಿ ಸಿಗದಾಯಿತು.

ಆ ‘ಸಾಧಾರಣ’ವನ್ನು ನಾನು ಆಮೇಲೆ ಹೊಡೆದುಹಾಕಲಿಲ್ಲ. ರಿಜಿಸ್ಟರಿನಲ್ಲಿ ಹಾಗೇ ಇತ್ತು.

ಹೆರಿಗೆಯ ನಂತರ ಅರ್ಧ ಲೀಟರಿಗಿಂತ ಜಾಸ್ತಿ ರಕ್ತ ಹೋದರೆ ಅದು ಅಪಾಯದ ಲೆಕ್ಕ. ಪುಸ್ತಕದಲ್ಲಿ ಓದಿದ್ದೆ. ಆದರೆ ಕೌದಿಯೊಳಗಿನ ಅರ್ಧ ಲೀಟರ್ ಕಣ್ಣಿಗೆ ಕಾಣುವುದು ಹೇಗೆ? ವರ್ಷಗಳ ನಂತರ ಒಂದು ತರಬೇತಿಯಲ್ಲಿ ಕುಂಕುಮ ಕಲಸಿದ ನೀರನ್ನು ಬಟ್ಟೆಯ ಮೇಲೆ ಸುರಿದು, ಎಷ್ಟಿದೆ ಹೇಳಿ ಅಂದರು. ನಾವು ಇಪ್ಪತ್ತು ಮಂದಿ ಅನುಭವಸ್ಥರು. ನಾನು 250 ಮಿಲಿ ಲೀಟರ್ ಅಂದೆ. ಸುರಿದದ್ದು 500. ಯಾರೊಬ್ಬರೂ ಜಾಸ್ತಿ ಹೇಳಲಿಲ್ಲ, ಎಲ್ಲರೂ ಕಡಿಮೆಯೇ.

ನಾನು ಹೀಗೆ ಕಣ್ಣಳತೆಯಲ್ಲಿ ಹೆರಿಗೆ ಮಾಡಿಸುತ್ತಿದ್ದಾಗ, ಪಕ್ಕದ ಜಿಲ್ಲೆಯಲ್ಲೇ ಇದರ ಮೇಲೆ ದೊಡ್ಡ ಕೆಲಸ ನಡೆಯುತ್ತಿತ್ತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಮಾಡಿದ್ದು. 2002ರಿಂದ 2005ರವರೆಗೆ, ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, ಮನೆಯಲ್ಲೋ ಸಬ್‌ಸೆಂಟರಿನಲ್ಲೋ ಹೆತ್ತ 1,620 ತಾಯಂದಿರು ಅದರಲ್ಲಿದ್ದರು. ಹೆರಿಗೆ ಮಾಡಿಸಿದವರು ಡಾಕ್ಟರಲ್ಲ, ನನ್ನಂಥ ನರ್ಸಬಾಯಿಯರು. ಮಗು ಹುಟ್ಟಿದ ಕೂಡಲೇ ಮಾತ್ರೆ ಕೊಡಬೇಕು. 812 ಮಂದಿಗೆ ಗರ್ಭಕೋಶ ಬಿಗಿಯಾಗಿಸಿ ರಕ್ತ ತಡೆಯುವ ಮಿಸೊಪ್ರೊಸ್ಟಾಲ್ ಎಂಬ ಔಷಧಿ, 808 ಮಂದಿಗೆ ನೋಡಲು ಹಾಗೇ ಇರುವ, ಔಷಧಿ ಇಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ಕೊಡುವವಳಿಗೂ ಗೊತ್ತಿಲ್ಲ, ನುಂಗುವವಳಿಗೂ ಗೊತ್ತಿಲ್ಲ.

ರಕ್ತ ಅಳೆಯುವುದಕ್ಕೆ ಕಣ್ಣನ್ನು ನಂಬಲಿಲ್ಲ. ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಅದರ ತುದಿಗೆ ಆಲಿಕೆಯಂತೆ ಇಳಿಬಿಟ್ಟ ಚೀಲ, ಚೀಲದ ಮೇಲೆ ಹಾಲಿನ ಅಳತೆಯ ಹಾಗೆ ಗೆರೆಗಳು. ಅಷ್ಟೇ ಉಪಕರಣ. ಇದು ರೂಪುಗೊಂಡದ್ದೂ ಅಲ್ಲೇ. ಕಣ್ಣಳತೆಯನ್ನೂ ಈ ಚೀಲದ ಅಳತೆಯನ್ನೂ ಹೋಲಿಸಿದಾಗ, ಕಣ್ಣು ಸುಮಾರು ಮೂರನೇ ಒಂದು ಭಾಗ ಕಡಿಮೆ ಹೇಳುತ್ತದೆ ಎಂದು ಗೊತ್ತಾಯಿತು.

ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಖಾಲಿ ಮಾತ್ರೆ ತಗೊಂಡವರಲ್ಲಿ ನೂರಕ್ಕೆ 12 ಮಂದಿಗೆ ಜಾಸ್ತಿ ರಕ್ತಸ್ರಾವ. ಔಷಧಿ ತಗೊಂಡವರಲ್ಲಿ ನೂರಕ್ಕೆ 6ಕ್ಕಿಂತ ಸ್ವಲ್ಪ ಮೇಲೆ. ಅಂದರೆ 18 ಬಾಣಂತಿಯರಿಗೆ ಮಾತ್ರೆ ಕೊಟ್ಟರೆ ಒಬ್ಬಳ ಅತಿಯಾದ ರಕ್ತಸ್ರಾವ ತಪ್ಪುತ್ತದೆ. ಚಳಿ ನಡುಕ, ಜ್ವರ ಸ್ವಲ್ಪ ಹೊತ್ತು ಬರುತ್ತದೆ, ಅದನ್ನೂ ಮುಚ್ಚಿಡದೆ ಬರೆದಿದ್ದಾರೆ. ಇದೇ ಕೆಲಸಕ್ಕೆ ಕೊಡುವ ಆಕ್ಸಿಟೋಸಿನ್ ಇಂಜೆಕ್ಷನ್ನಿಗೆ ಫ್ರಿಜ್ ಬೇಕು, ಸೂಜಿ ಬೇಕು. ಈ ಮಾತ್ರೆಗೆ ಎರಡೂ ಬೇಡ. ನನ್ನ ಚೀಲದಲ್ಲಿ ಎಲೆಅಡಿಕೆ ಡಬ್ಬಿಯ ಪಕ್ಕ ಇಡಬಹುದಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ರಕ್ತಸ್ರಾವ ತಡೆಯಲೆಂದು ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಅಳತೆ ಗೆರೆಯ ಆ ಚೀಲದ ಕಥೆ ಅಲ್ಲಿಗೇ ನಿಲ್ಲಲಿಲ್ಲ. 2023ರಲ್ಲಿ ಕೆನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳ 80 ಆಸ್ಪತ್ರೆಗಳ ಒಂದು ಪ್ರಯೋಗದ ಫಲಿತಾಂಶ ಬಂತು. 2 ಲಕ್ಷಕ್ಕೂ ಜಾಸ್ತಿ ಹೆರಿಗೆಗಳು. ಅಂಥದೇ ಗೆರೆ ಹಾಕಿದ ಚೀಲದಲ್ಲಿ ರಕ್ತ ಅಳೆದು, ಗೆರೆ ದಾಟಿದ ತಕ್ಷಣ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೇ ಶುರುಮಾಡಿದರು. ತೀವ್ರ ರಕ್ತಸ್ರಾವ, ಅದರಿಂದಾಗುವ ಆಪರೇಷನ್, ಸಾವು ಇವೆಲ್ಲ ಸೇರಿದ ಲೆಕ್ಕ ಶೇ 60ರಷ್ಟು ಇಳಿಯಿತು.

ಇದೆಲ್ಲ ನನಗೆ ಗೊತ್ತಾದದ್ದು ಯಾವಾಗ? ನಿವೃತ್ತಿಯಾದ ಮೇಲೆ. ಮಗಳು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಅವಳು ಮೊಬೈಲಿನಲ್ಲಿ ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳಿದಳು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆ ಮಾತ್ರೆ ನುಂಗಿದ 1,620 ಹೆಣ್ಣುಮಕ್ಕಳು ಈಗ ನಲವತ್ತು ದಾಟಿರಬೇಕು, ಕೆಲವರು ಅಜ್ಜಿಯೂ ಆಗಿರಬಹುದು. ತಾವು ನುಂಗಿದ ಮಾತ್ರೆಯಿಂದ ಜಗತ್ತಿಗೇನು ಗೊತ್ತಾಯಿತು ಎಂದು ಅವರಿಗೆ ಯಾರಾದರೂ ಕನ್ನಡದಲ್ಲಿ ಹೇಳಿದ್ದಾರಾ? ಹೇಳಿದ್ದರೆ ಬಹಳ ಸಂತೋಷ.

ಖಾಲಿ ಮಾತ್ರೆ ಕೊಟ್ಟದ್ದು ಸರಿಯಾ ಎಂದು ನೀವು ಕೇಳಬಹುದು. ನಾನೂ ಮಗಳನ್ನು ಅದೇ ಕೇಳಿದೆ, ಸ್ವಲ್ಪ ಜೋರಾಗಿಯೇ ಕೇಳಿದೆ. ನನ್ನ ಸಬ್‌ಸೆಂಟರಿನ ಮಟ್ಟಿಗೆ ಹೇಳುವುದಾದರೆ, ಆಗ ಮನೆಯ ಹೆರಿಗೆಗೆ ನಾವು ಕೊಡುತ್ತಿದ್ದದ್ದು ಧೈರ್ಯ ಮಾತ್ರ. ಖಾಲಿ ಮಾತ್ರೆಯವರಿಗೆ ಅಳತೆಯ ಚೀಲವಾದರೂ ಸಿಕ್ಕಿತು. ಆದರೂ ಆ 808ರಲ್ಲಿ ನನ್ನ ಮಗಳಿದ್ದಿದ್ದರೆ ಎಂದು ಮನಸ್ಸು ಕೇಳುತ್ತದೆ. ಇಂಥ ಪ್ರಶ್ನೆಯನ್ನೂ ಪತ್ರಿಕೆ ಎತ್ತಬೇಕು ಅಲ್ವಾ? ಒಂಬತ್ತು ಸಾಲಿನಲ್ಲಿ ಅದಕ್ಕೆ ಜಾಗವೆಲ್ಲಿ?

ಹುಡುಕಿದರೆ ನಿಮಗೆ ಹತ್ತಿರದಲ್ಲೇ ಸುದ್ದಿ ಇದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1960ರ ದಶಕದ ಮೊದಲಲ್ಲಿ ತುಮಕೂರು ಜಿಲ್ಲೆಯ ಕ್ಷಯರೋಗಿಗಳನ್ನು ಕೂರಿಸಿ ಮಾತಾಡಿಸಿದರು. ಹಳ್ಳಿಯವರಿಗೆ ಕಾಯಿಲೆಯ ಅರಿವಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂಬುದು ದೊಡ್ಡವರ ನಂಬಿಕೆ. ನೋಡಿದರೆ ಅರ್ಧದಷ್ಟು ಜನ ಆಗಲೇ ದವಾಖಾನೆಗೆ ಹೋಗಿಬಂದಿದ್ದರು. ಅಲ್ಲಿ ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟು ಕಳಿಸಿದ್ದರು! ಅರಿವು ಬೇಕಾಗಿದ್ದದ್ದು ಯಾರಿಗೆ ಎಂದು ಆ ಅಧ್ಯಯನ ತೋರಿಸಿತು.

ಮೊನ್ನೆ ಮೊನ್ನೆಯದು ಇನ್ನೊಂದು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಜೊತೆಗಾರರು ಜಾರ್ಖಂಡ್‌ನ 4 ಜಿಲ್ಲೆಗಳಲ್ಲಿ ಮಾಡಿದ್ದು. 2,800 ಕ್ಷಯರೋಗಿಗಳಿಗೂ ತಿಂಗಳ ರೇಷನ್ ಕೊಟ್ಟರು. ಅವರ ಮನೆಯವರಲ್ಲಿ ಒಂದು ಗುಂಪಿಗೆ ಮಾತ್ರ ತಲೆಗೆ 5 ಕಿಲೊ ಅಕ್ಕಿ, ಒಂದೂವರೆ ಕಿಲೊ ಬೇಳೆ. ಮನೆಯವರೇ ಹತ್ತು ಸಾವಿರಕ್ಕೂ ಜಾಸ್ತಿ ಮಂದಿ. ಅಕ್ಕಿ ಬೇಳೆ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ಕಡಿಮೆಯಾಯಿತು. ಒಳ್ಳೆಯ ಊಟ ಕ್ಷಯ ತಡೆಯಲು ನೆರವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಲೆಕ್ಕ ಬೇಕಾ? 2023ರಲ್ಲಿ ಪ್ರಕಟವಾಯಿತು. ನಾನು ದಿನಾ ಮೂರು ಪತ್ರಿಕೆ ಓದುವವಳು. ನನ್ನ ಕಣ್ಣಿಗೆ ಕನ್ನಡದಲ್ಲಿ ಬಿದ್ದದ್ದು ಚಾಕೊಲೇಟ್ ತಿಂದರೆ ಹೃದಯಕ್ಕೆ ಒಳ್ಳೆಯದು ಎಂಬುದು.

ನನ್ನ ಬೇಡಿಕೆ ದೊಡ್ಡದಲ್ಲ. ಸುಮ್ನೆ ‘ಅಧ್ಯಯನ ತಿಳಿಸಿದೆ’ ಎನ್ನಬೇಡಿ. ಯಾರು ಮಾಡಿದ್ದು, ಎಷ್ಟು ಮಂದಿಯ ಮೇಲೆ, ಯಾವುದಕ್ಕೆ ಹೋಲಿಸಿ, ಅವರು ಎಂಥ ರೋಗಿಗಳು, ಇಷ್ಟು ಹಾಕಿ. ಇಲಿಯಾದರೆ ಇಲಿ ಎಂದೇ ಬರೆಯಿರಿ, ನಾಚಿಕೆ ಬೇಡ. ನಮ್ಮ ದೇಶದಲ್ಲಿ ಔಷಧಿಯ ಪ್ರಯೋಗಗಳನ್ನು ಸಿ.ಟಿ.ಆರ್.ಐ. ಎಂಬ ಸರ್ಕಾರಿ ಪಟ್ಟಿಯಲ್ಲಿ ಮೊದಲೇ ನೋಂದಾಯಿಸುವುದು 2009ರ ಜೂನ್‌ನಿಂದ ಕಡ್ಡಾಯ. ಪ್ರತಿಯೊಂದಕ್ಕೂ ಒಂದು ನಂಬರ್ ಇರುತ್ತದೆ. ಆ ನಂಬರ್ ಕೊನೆಗೆ ಹಾಕಿದರೆ ನನ್ನ ಮಗಳಂಥವರು ತೆಗೆದು ನೋಡುತ್ತಾರೆ. ಜಾಗ ಸಾಲದಿದ್ದರೆ ಸೊಪ್ಪಿನ ಫೋಟೊ ಚಿಕ್ಕದು ಮಾಡಿ.

ಅಜ್ಜಿಯ ದೇವರ ಫೋಟೊದ ಹಿಂದಿದ್ದ ಆ ತುಂಡನ್ನು ಕೇಳಿ ಇಸಿದುಕೊಂಡು ಈ ಪತ್ರಕ್ಕೆ ಪಿನ್ ಮಾಡಿದ್ದೇನೆ. ಅರಿಶಿನ ಹತ್ತಿದೆ, ಬೇಸರ ಮಾಡಿಕೊಳ್ಳಬೇಡಿ. ಅದು ಯಾರ ಅಧ್ಯಯನ ಎಂದು ನಿಮ್ಮವರು ಹುಡುಕಿ ಹಾಕಿದರೆ ಅಜ್ಜಿಗೆ ನಾನೇ ಓದಿ ಹೇಳುತ್ತೇನೆ. ಸದ್ಯಕ್ಕೆ ಮಾತ್ರೆ ಮತ್ತೆ ಶುರುವಾಗಿದೆ. ದಿನಾ ಬೆಳಿಗ್ಗೆ ಕಾಂಪೌಂಡಿನ ಈಚೆಯಿಂದ ಕೂಗಿ ಕೇಳುತ್ತೇನೆ. ಅವರು ಖಾಲಿ ಶೀಟನ್ನು ಎತ್ತಿ ತೋರಿಸುತ್ತಾರೆ. ರಸವನ್ನೂ ಬಿಟ್ಟಿಲ್ಲ.

ಇತಿ,
ನಿವೃತ್ತ ಕಿರಿಯ ಆರೋಗ್ಯ ಸಹಾಯಕಿ, ಧಾರವಾಡ