ಶಾಸಕರೇ, ನಮ್ಮ ಶಾಲೆಗೊಂದು ನಲ್ಲಿ ಕಟ್ಟೆ ಬೇಕು

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ಪೀಣ್ಯದ ಹತ್ತಿರದ ಬಡಾವಣೆಯವಳು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮಗಳು ಓದುವ ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲಿ, ಸದಸ್ಯೆಯೂ ಹೌದು. ರಸ್ತೆ ಗುಂಡಿ, ಬೀದಿದೀಪದ ಅರ್ಜಿಗಳು ನಿಮಗೆ ದಿನಾ ಬರುತ್ತವೆ. ಇದು ಮಕ್ಕಳು ಹಲ್ಲುಜ್ಜುವ ವಿಷಯ. ನಗಬೇಡಿ, ಪೂರ್ತಿ ಓದಿ.

ಹೋದ ವರ್ಷ ಮಗಳಿಗೆ ಎಂಟು. ಒಂದು ರಾತ್ರಿ ಕೆನ್ನೆ ಹಿಡಿದುಕೊಂಡು ಅಳಲು ಶುರು ಮಾಡಿದಳು. ಲವಂಗ ಇಟ್ಟೆ. ಹಾಲು ಹಲ್ಲಲ್ವಾ, ಬಿದ್ದುಹೋಗುತ್ತದೆ ಬಿಡು ಅಂದುಕೊಂಡೆ. ಮಾರನೇ ದಿನ ಡಾಕ್ಟರ್ ಬಾಯಿ ತೆರೆಸಿ ನೋಡಿ, "ಇದು ಹಾಲು ಹಲ್ಲಲ್ಲಮ್ಮ, ಮುದುಕಿಯಾಗುವವರೆಗೂ ಇರಬೇಕಾದ ಹಲ್ಲು" ಅಂದರು. ಆರನೇ ವರ್ಷದ ಸುಮಾರಿಗೆ, ಕೊನೆಯ ಹಾಲು ಹಲ್ಲಿನ ಹಿಂದೆ ಹೊಸ ದವಡೆ ಹಲ್ಲು ಬರುತ್ತದಂತೆ. ಅದಕ್ಕೆ ಜಾಗ ಬಿಡಲು ಯಾವ ಹಲ್ಲೂ ಬೀಳುವುದಿಲ್ಲ. ಹಾಗಾಗಿ ಅದು ಬಂದದ್ದೇ ಮನೆಯವರಿಗೆ ಗೊತ್ತಾಗುವುದಿಲ್ಲ. ಬ್ರಷ್ಷೂ ಅಲ್ಲಿಯವರೆಗೆ ಹೋಗುವುದಿಲ್ಲ.

ಆಮೇಲೆ ಡಾಕ್ಟರ್ ಹಲ್ಲಿಗೆ ಒಂದು ಬಣ್ಣದ ಔಷಧಿ ಹಚ್ಚಿ, ಬಾಯಿ ಮುಕ್ಕಳಿಸಲು ಹೇಳಿದರು. ಕೊಳೆ ಇರುವ ಕಡೆ ಮಾತ್ರ ಗುಲಾಬಿ ಬಣ್ಣ ಉಳಿಯುತ್ತದೆ. ಕೈಗೆ ಕನ್ನಡಿ ಕೊಟ್ಟರು. ಫೋಟೋಗೆ ನಕ್ಕರೆ ಕಾಣುವಷ್ಟು ಹಲ್ಲು ಬೆಳ್ಳಗಿತ್ತು. ನಾಲಿಗೆ ಕಡೆಯ ಒಳಮಗ್ಗುಲು, ವಸಡಿನ ಅಂಚು, ದವಡೆ ಎಲ್ಲಾ ಗುಲಾಬಿ. "ಅಮ್ಮಾ, ನಾನು ದಿನಾ ಉಜ್ಜುತ್ತೀನಲ್ಲಾ!" ಅಂದಳು. ಸುಳ್ಳೇನಲ್ಲ, ದಿನಾ ಉಜ್ಜುತ್ತಾಳೆ.

ಮಾರನೇ ಬೆಳಗ್ಗೆ ಮೊಬೈಲಿನಲ್ಲಿ ಟೈಮ್ ನೋಡಿದೆ. 35 ಸೆಕೆಂಡು. ಬೇಕಾದದ್ದು 2 ನಿಮಿಷ. ಅಷ್ಟು ದಿನ ನಾನೇನು ಮಾಡುತ್ತಿದ್ದೆ? ಅಡುಗೆಮನೆಯಿಂದ "ಬೇಗ, ಬೇಗ" ಅಂತ ಕೂಗುತ್ತಿದ್ದೆ. ಏಳೆಂಟು ವರ್ಷದವರೆಗೆ ಮಕ್ಕಳ ಕೈಗೆ ಸರಿಯಾಗಿ ಉಜ್ಜುವ ಹಿಡಿತ ಬರುವುದಿಲ್ಲ, ದೊಡ್ಡವರು ಪಕ್ಕದಲ್ಲಿದ್ದು ಉಜ್ಜಿಸಬೇಕು ಅಂತ ಡಾಕ್ಟರ್ ಹೇಳಿದರು. ಶೂ ಲೇಸ್ ಕಟ್ಟಲು ಬಾರದ ಕೈಗೆ ಬ್ರಷ್ ಕೊಟ್ಟು, ನಾವು ಸುಮ್ನೆ ಬೈಯುತ್ತೇವೆ.

ಆದರೆ ಪಕ್ಕದಲ್ಲಿ ನಿಲ್ಲುವವರು ಯಾರು ಸರ್? ನಮ್ಮ ವಠಾರದ ಹೆಂಗಸರು ಹೆಚ್ಚಿನವರು ಗಾರ್ಮೆಂಟ್ಸಿಗೆ ಹೋಗುವವರು. ಮಗು ಕಣ್ಣುಜ್ಜುವ ಹೊತ್ತಿಗೆ ಅವರು ಬಸ್‌ಸ್ಟಾಪಿನಲ್ಲಿರುತ್ತಾರೆ. ಆರು ಮನೆಗೆ ಒಂದು ಬಚ್ಚಲು. ಹೊರಗೆ ಯಾರೋ ಬಾಗಿಲು ಬಡಿಯುತ್ತಿದ್ದರೆ ಯಾವ ಮಗು 2 ನಿಮಿಷ ಉಜ್ಜುತ್ತದೆ ಹೇಳಿ. ಇನ್ನು ರಾತ್ರಿ ಉಜ್ಜುವ ರೂಢಿಯೇ ನಮ್ಮಲ್ಲಿಲ್ಲ. ನಮಗೆ ಹಲ್ಲುಜ್ಜುವುದು ಅಂದರೆ ಕಾಫಿಗೆ ಮುಂಚೆ ಮುಗಿಸುವ ಮಡಿ ಕೆಲಸ. ನಿದ್ದೆಯಲ್ಲಿ ಜೊಲ್ಲು ಕಮ್ಮಿಯಾಗುತ್ತದೆ, ಹುಳುಕಿಗೆ ಆ ಹೊತ್ತೇ ಅನುಕೂಲ ಅಂತ ನನಗೆ ತಿಳಿದದ್ದು ಮೂವತ್ತೈದನೇ ವಯಸ್ಸಿನಲ್ಲಿ!

ಶಾಲೆಯಲ್ಲಿ ಹೇಳಿಕೊಡುವುದಿಲ್ಲ ಅಂತಲ್ಲ. ಒಮ್ಮೆ ಒಂದು ಪೇಸ್ಟ್ ಕಂಪನಿಯವರು ದೊಡ್ಡ ಪ್ಲಾಸ್ಟಿಕ್ ಹಲ್ಲು ತಂದು ತೋರಿಸಿ, ಚಿಕ್ಕ ಚಿಕ್ಕ ಟ್ಯೂಬು ಹಂಚಿ ಹೋದರು. ವಾರದಲ್ಲಿ ಪೇಸ್ಟೂ ಖಾಲಿ, ಪಾಠವೂ ಖಾಲಿ. 2013ರಲ್ಲಿ ಕ್ಷೀರ ಭಾಗ್ಯ ಶುರುವಾದದ್ದು ನಿಮಗೆ ನೆನಪಿರಬಹುದು. ಈಗ ಹಾಲಿಗೆ ಲೋಟ ಹಿಡಿದು ಸಾಲಲ್ಲಿ ನಿಲ್ಲಿ ಅಂತ ಮಕ್ಕಳಿಗೆ ಯಾರೂ ಹೇಳಬೇಕಾಗಿಲ್ಲ. ಹಲ್ಲುಜ್ಜುವುದೂ ಹಾಗೇ ಒಗ್ಗಬೇಕು. ಫಿಲಿಪ್ಪೀನ್ಸ್ ದೇಶದ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಸಾಲಾಗಿ ನಿಂತು ಸೋಪಿನಿಂದ ಕೈ ತೊಳೆದು, ಒಟ್ಟಿಗೇ ಹಲ್ಲುಜ್ಜುತ್ತಾರೆ. ಅವರೇನೂ ನಮಗಿಂತ ಭಾರಿ ಶ್ರೀಮಂತರಲ್ಲ.

ನಮ್ಮ ಸರ್ಕಾರ ಬಡ ಹಿರಿಯರಿಗೆ ದಂತ ಭಾಗ್ಯದಲ್ಲಿ ಉಚಿತ ಸೆಟ್ಟು ಹಲ್ಲು ಕೊಟ್ಟಿತು. ಒಳ್ಳೆಯ ಕೆಲಸ, ಕೊಂಕು ಮಾತಾಡುತ್ತಿಲ್ಲ. ಹಲ್ಲು ಬೀಳುವಾಗ ಬಂದ ಹಾಗೆ ಹಲ್ಲು ಹುಟ್ಟುವಾಗಲೂ ಬನ್ನಿ ಅಂತಿದ್ದೇನೆ, ಅಷ್ಟೇ.

ನಾನು ಕೇಳುವುದು ದೊಡ್ಡದೇನಲ್ಲ. ಮಕ್ಕಳ ಎತ್ತರಕ್ಕೆ ಹತ್ತು ನಲ್ಲಿ ಇರುವ ಒಂದು ಉದ್ದನೆಯ ಕಟ್ಟೆ. ಅದರ ಮೇಲೊಂದು ಕನ್ನಡಿ, ಏಕೆಂದರೆ ಒಳಮಗ್ಗುಲು ನೋಡದೆ ಉಜ್ಜಲು ಆಗುವುದಿಲ್ಲ. ಹೆಸರು ಬರೆದ ಬ್ರಷ್ ನಿಲ್ಲಿಸಲು ಸ್ಟ್ಯಾಂಡು. ಬಿಸಿಯೂಟ ಆದ ಮೇಲೆ 2 ನಿಮಿಷದ ಬೆಲ್ಲು. ಫ್ಲೋರೈಡ್ ಇರುವ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಜಾಹೀರಾತಿನ ಹಾಗೆ ಬ್ರಷ್ ತುಂಬಾ ಬೇಡ. ಉಜ್ಜಿದ ಮೇಲೆ ಉಗುಳಿದರಾಯಿತು, ಚೊಂಬುಗಟ್ಟಲೆ ನೀರು ಹಾಕಿ ಮುಕ್ಕಳಿಸಿದರೆ ಫ್ಲೋರೈಡೂ ತೊಳೆದು ಹೋಗುತ್ತದೆ. ಟ್ಯಾಂಕರ್ ಕಾಯುವ ನಮ್ಮಂಥವರಿಗೆ ನೀರೂ ಉಳಿಯಿತು. ಬೆಲ್ಲು ಹೊಡೆದು ಉಜ್ಜಿಸುವುದನ್ನು ನಾವು ನಾಲ್ಕು ಜನ ತಾಯಂದಿರು ಸರದಿಯ ಮೇಲೆ ನೋಡಿಕೊಳ್ಳುತ್ತೇವೆ. ಟೀಚರುಗಳ ತಲೆಗೆ ಇದನ್ನೂ ಕಟ್ಟಬೇಡಿ, ಅವರಿಗೆ ಈಗಲೇ ಗಣತಿ, ಚುನಾವಣೆ ಎಲ್ಲಾ ಇದೆ.

ಶಾಸಕರ ನಿಧಿ ವರ್ಷಕ್ಕೆ 2 ಕೋಟಿ ಅಂತ ಕೇಳಿದ್ದೇನೆ. ನಮ್ಮ ಬೀದಿಯ ಮೇಸ್ತ್ರಿ ಲೆಕ್ಕ ಹಾಕಿ, ಒಂದು ಹೈಮಾಸ್ಟ್ ದೀಪಕ್ಕಿಂತ ಕಮ್ಮಿಯಲ್ಲೇ ಕಟ್ಟೆ ಆಗುತ್ತದೆ ಅಂದಿದ್ದಾರೆ.

ಒಂದು ದಿನ ಬಿಸಿಯೂಟದ ಹೊತ್ತಿಗೆ ಬನ್ನಿ ಸರ್. ಶಾಲೆಯಲ್ಲಿ ಈಗ ಇರುವುದು ಎರಡೇ ನಲ್ಲಿ. ಎಡಗಡೆಯದನ್ನು ಜೋರಾಗಿ ತಿರುಗಿಸಬೇಡಿ. ದಾರ ಸುತ್ತಿ ನಿಲ್ಲಿಸಿದ್ದೇವೆ, ಕೈಗೆ ಬರುತ್ತದೆ.

ಇಂತಿ,
ಮೂರನೇ ತರಗತಿ ಹುಡುಗಿಯೊಬ್ಬಳ ತಾಯಿ