ಕೊಡದ ಮಾತ್ರೆಗೊಂದು ಧನ್ಯವಾದ

ಆಯಿಯ ಹೃದಯಕ್ಕೆ ಕೃತಕ ಕವಾಟ ಕೂರಿಸಿ ಈ ವಾರಕ್ಕೆ ಒಂದು ವರ್ಷ. ಮಣಿಪಾಲದ ವೈದ್ಯರಿಗೆ, ರಕ್ತ ಕೊಟ್ಟ ಊರಿನ ಹುಡುಗರಿಗೆ, ನಾವಿಲ್ಲದಾಗ ಕೊಟ್ಟಿಗೆ ನೋಡಿಕೊಂಡ ನೆರೆಮನೆಯವರಿಗೆ ಆಗಲೇ ಕೈಮುಗಿದಿದ್ದೇನೆ. ಬಾಕಿ ಉಳಿದವರು ಒಬ್ಬರೇ. ಕುಮಟಾದಿಂದ ಒಳಗಿರುವ ನಮ್ಮೂರಿನಲ್ಲಿ ಬಸ್ ನಿಲ್ಲುವ ಕಡೆ ಒಂದೇ ಬಾಗಿಲಿನ ಔಷಧಿ ಅಂಗಡಿ ಇಟ್ಟುಕೊಂಡಿರುವವರು. ಹೆಸರು ಬರೆಯಕೂಡದೆಂದು ಅವರೇ ತಾಕೀತು ಮಾಡಿದ್ದಾರೆ.

ಆಸ್ಪತ್ರೆಯಿಂದ ಬಂದ ಎರಡನೇ ತಿಂಗಳು ಆಯಿಗೆ ಮೊಣಕಾಲು ನೋವು ಜೋರಾಯಿತು. ಪೇಟೆಯ ಬಸ್ ತಪ್ಪಿದ್ದರಿಂದ ಇವರಲ್ಲಿಗೆ ಹೋಗಿ ಡೈಕ್ಲೋಫೆನಾಕ್ ಕೇಳಿದೆ. ಹಿಂದೆಲ್ಲ ಪೇಟೆಯಲ್ಲಿ ಚೀಟಿ ಇಲ್ಲದೆಯೂ ಸಿಗುತ್ತಿತ್ತು.

"ಯಾರಿಗೆ ತಮ್ಮಾ?"

"ಆಯಿಗೆ."

"ಬೇರೆ ಏನೇನು ಮಾತ್ರೆ ನಡೆಯುತ್ತಿದೆ?"

ನನಗೆ ಸಿಟ್ಟೇ ಬಂತು. ಹಿಂದೆ ನಾಲ್ಕು ಜನ ನಿಂತಿದ್ದರು, ಮಳೆ ಬೇರೆ. ವಾರ್ಫರಿನ್ ಎಂದು ಗೊಣಗಿದೆ. ಕಪಾಟಿನವರೆಗೆ ಹೋಗಿದ್ದ ಕೈ ಹಾಗೇ ಹಿಂದೆ ಬಂತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯ ಜೊತೆ ಈ ನೋವಿನ ಮಾತ್ರೆ ಸೇರಿದರೆ ಹೊಟ್ಟೆಯೊಳಗೇ ರಕ್ತ ಒಸರಬಹುದು, ಹೊರಗಿನವರಿಗೆ ಗೊತ್ತೂ ಆಗುವುದಿಲ್ಲ ಎಂದರು. ನನ್ನೆದುರಿಗೇ ವೈದ್ಯರಿಗೆ ಫೋನ್ ಹಚ್ಚಿ, ಅವರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಮಾತ್ರ ಕೊಟ್ಟರು. ಅಷ್ಟು ಹೊತ್ತು ನಿಂತು ಮಾಡಿದ ವ್ಯಾಪಾರ ಹತ್ತಿಪ್ಪತ್ತು ರೂಪಾಯಿಯದು. ಅವರ ಗೋಡೆಯ ಮೇಲಿನ ಫಾರ್ಮಸಿಸ್ಟ್ ನೋಂದಣಿ ಪತ್ರವನ್ನು ಆ ದಿನ ಮೊದಲ ಬಾರಿಗೆ ಕಣ್ಣಿಟ್ಟು ಓದಿದೆ. ಕೆಲವು ಅಂಗಡಿಗಳಲ್ಲಿ ಪತ್ರ ಗೋಡೆಯಲ್ಲಿರುತ್ತದೆ, ಪತ್ರದವರು ಎಲ್ಲೋ ಇರುತ್ತಾರೆ.

ಇನ್ನೊಂದು ಬಸಳೆಯ ವಿಷಯ. ಹಸಿರು ಸೊಪ್ಪಿನ ಕೆ ಜೀವಸತ್ವ ವಾರ್ಫರಿನ್ನಿಗೆ ಅಡ್ಡ ಬರುತ್ತದೆಂದು ಯಾರೋ ನೆಂಟರು ಹೇಳಿದ್ದೇ ತಡ, ಆಯಿ ಸೊಪ್ಪನ್ನೇ ಬಿಟ್ಟಿದ್ದಳು. ಬಾವಿಕಟ್ಟೆಯ ಪಕ್ಕದ ಚಪ್ಪರದಲ್ಲಿ ಬಸಳೆ ಬಳ್ಳಿ ಹಬ್ಬಿ ಜೋತುಬಿದ್ದಿತ್ತು. ಅವಳು ಅದರ ಅಡಿಯಲ್ಲೇ ನೀರು ಸೇದುತ್ತ ನಿಟ್ಟುಸಿರು ಬಿಡುತ್ತಿದ್ದಳು. ಇವರನ್ನು ಕೇಳಿದೆ. "ತಿನ್ನುವುದು ತಪ್ಪಲ್ಲ. ವಾರವಿಡೀ ಬಿಟ್ಟು ಒಂದು ದಿನ ಬೋಗುಣಿ ತುಂಬ ಉಂಡರೆ ತಪ್ಪು. ಎಷ್ಟು ತಿನ್ನುತ್ತಾರೋ ಅಷ್ಟನ್ನೇ ಪ್ರತಿ ವಾರ ತಿನ್ನಲಿ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುವ ಐಎನ್‌ಆರ್ ರಕ್ತಪರೀಕ್ಷೆ ತಪ್ಪಿಸಬೇಡಿ, ಡಾಕ್ಟರಿಗೂ ಹೇಳಿಡಿ" ಎಂದರು. ಡಾಕ್ಟರೂ ಅದನ್ನೇ ಹೇಳಿದರು. ಆ ಬುಧವಾರ ನಮ್ಮ ಮನೆಯಲ್ಲಿ ಬಸಳೆ ಸಾಂಬಾರು. ಈಗ ಪ್ರತಿ ಬುಧವಾರವೂ ಅದೇ. ನನಗೆ ಸಾಕಾಗಿದೆ, ಅವಳಿಗಿಲ್ಲ.

ಯಾವ ದಿನ ಎಷ್ಟು ಮಿಲಿಗ್ರಾಂ ಎಂದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟವರೂ ಅವರೇ. ಅದು ದೇವರ ಕೋಣೆಯ ಬಾಗಿಲಿಗೆ ಅಂಟಿಕೊಂಡಿದೆ. ಮಳೆಗಾಲದಲ್ಲಿ ರಸ್ತೆ ಮುಚ್ಚಿದರೆ ಬೇಕಾದೀತೆಂದು ಒಂದು ಪಟ್ಟಿ ಮಾತ್ರೆಯನ್ನು ಆಯಿಯ ಲೆಕ್ಕದಲ್ಲಿ ಬೇರೆ ತೆಗೆದಿಡುತ್ತಾರೆ.

ಮೊನ್ನೆ ಆಯಿ ಒಂದು ಕಟ್ಟು ಬಸಳೆ ಕಟ್ಟಿ ಕಳಿಸಿದ್ದಳು. ದುಡ್ಡಿನ ಮೇಜಿನ ಮೇಲಿಟ್ಟು "ಸರ್, ನಿಮ್ಮಿಂದ ತುಂಬಾ ಉಪಕಾರವಾಯಿತು" ಎಂದೆ. ಅವರು ಕಟ್ಟು ತೂಗಿ ನೋಡುವವರಂತೆ ಕೈಯಲ್ಲಿ ಹಿಡಿದು ಕೇಳಿದರು:

"ಈ ತಿಂಗಳ ಐಎನ್‌ಆರ್ ಎಷ್ಟು ಬಂತು?"